ಗೆದ್ದರೆ ಪ್ರಹಾರ, ಸೋತರೆ ಕಪಟ: ಸಯಾಮಿನ ರಾಜಕುಮಾರ ಬೊವೊರದೇತ್

ಥಾಯ್ ಭಾಷೆಯಲ್ಲಿ ಸೋತುಹೋದ ದಂಗೆಗೆ ‘ಕಬೋತ್’ ಅನ್ನುತ್ತಾರೆ. ಬಾಯಲ್ಲಿ ಎರಡು ಸಲ ಹೇಳಿ ನೋಡಿ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅದು ನಮಗೆ ಗೊತ್ತಿರುವ ‘ಕಪಟ’ವೇ. ಸಂಸ್ಕೃತದಿಂದ ಹೊರಟು ಅಲ್ಲಿಯವರ ನಾಲಿಗೆಗೆ ಹೊಂದಿಕೊಂಡು ಕಬೋತ್ ಆಗಿದೆ. ಅದೇ ದಂಗೆ ಗೆದ್ದರೆ ಅದಕ್ಕೆ ಬೇರೆ ಹೆಸರಿದೆ: ‘ರತ್ಥಪ್ರಹಾನ್’. ಅಂದರೆ ರಾಷ್ಟ್ರ ಮತ್ತು ಪ್ರಹಾರ. ಹೊರಡುವಾಗ ಎರಡೂ ಒಂದೇ ಥರ ಇರುತ್ತವೆ. ಬೆಳಗಿನ ಜಾವ, ಬಂದೂಕು, ದೇಶ ಉಳಿಸುತ್ತೇವೆ ಅನ್ನುವ ಘೋಷಣೆ. ಸಂಜೆಯ ಹೊತ್ತಿಗೆ ರಾಜಧಾನಿ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಪದ ನಿರ್ಧಾರವಾಗುತ್ತದೆ.

1933ರ ಅಕ್ಟೋಬರ್‌ನಲ್ಲಿ ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ನಡೆದ ದಂಗೆಯನ್ನು ಥಾಯ್ ಪಠ್ಯಗಳು ‘ಕಬೋತ್ ಬೊವೊರದೇತ್’ ಎಂದೇ ಕರೆಯುತ್ತವೆ. ಒಬ್ಬ ಮನುಷ್ಯನ ಹೆಸರನ್ನು ಕಪಟಕ್ಕೆ ಅಂಟಿಸಿ ಮೊಳೆ ಹೊಡೆದ ಹಾಗೆ. ಆತ ಬೀದಿಯ ಪುಂಡನಲ್ಲ. ಒಬ್ಬ ರಾಜನ ಮೊಮ್ಮಗ, ಇನ್ನೊಬ್ಬ ರಾಜನ ಯುದ್ಧ ಮಂತ್ರಿ, ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದವನು.

ಸಾಮಾನ್ಯವಾಗಿ ಇವನ ಕತೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ರಾಜನ ಅಧಿಕಾರ ಹೋಯಿತು, ರಾಜವಂಶದವನೊಬ್ಬ ಅದನ್ನು ವಾಪಸ್ ತರಲು ಹೊರಟ, ಸೋತ, ಓಡಿಹೋದ. ಈ ಸಾಲು ಪೂರ್ತಿ ಸುಳ್ಳಲ್ಲ. ಆದರೆ ಹತ್ತಿರ ಹೋಗಿ ನೋಡಿದರೆ ಲೆಕ್ಕ ಕೂಡುವುದಿಲ್ಲ. ಇದೇ ಮನುಷ್ಯ ಅದೇ ರಾಜನ ಸರ್ಕಾರದ ಜೊತೆ ಜಗಳವಾಡಿ ಮಂತ್ರಿ ಪದವಿ ಬಿಟ್ಟಿದ್ದ. ಇವನ ಅಪ್ಪ ದೇಶಕ್ಕೆ ಸಂವಿಧಾನ ಬೇಕು ಎಂದು ಅರ್ಜಿ ಬರೆದವರಲ್ಲಿ ಒಬ್ಬ. ಇವನೇ ದಂಗೆಯಲ್ಲಿ ಮುಂದಿಟ್ಟ ಬೇಡಿಕೆಗಳಲ್ಲೂ ‘ಸಂವಿಧಾನ ತೆಗೆಯಿರಿ’ ಎಂಬ ಮಾತಿಲ್ಲ. ಹಾಗಾದರೆ ಯಾರ ವಿರುದ್ಧ, ಯಾತಕ್ಕೆ ಫಿರಂಗಿ ಎಳೆದುಕೊಂಡು ಬಂದ?

ಮೊದಲು ಹೆಸರಿನಿಂದಲೇ ಶುರು ಮಾಡೋಣ. ‘ಬೊವೊರ’ ಅಂದರೆ ಪ್ರವರ, ಶ್ರೇಷ್ಠ. ‘ದೇತ್’ ಅಂದರೆ ತೇಜಸ್ಸು. ಥಾಯ್ ರಾಜಮನೆತನದ ಹೆಸರುಗಳ ಸಿಪ್ಪೆ ಸುಲಿದರೆ ಒಳಗೆ ನಮಗೆ ಪರಿಚಯದ ಪದವೇ ಸಿಗುತ್ತದೆ. ಅಪ್ಪನ ಹೆಸರು ನರೇತ್ ವೊರಾರಿತ್, ಅದು ನರೇಶ್ವರ ಮತ್ತು ಋದ್ಧಿ. ಈ ಕತೆಯಲ್ಲಿ ಬರುವ ಫಿಬೂನ್ ಸೊಂಗ್‌ಖ್ರಾಮ್ ಅಂದರೆ ವಿಪುಲ ಸಂಗ್ರಾಮ. ಸುಮ್ನೆ ಒಂದು ಮೋಜಿಗೆ ಹೇಳಿದೆ. ಆದರೆ ಈ ಅಭ್ಯಾಸ ಇದ್ದರೆ ಮುಂದೆ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆ.

ಬೊವೊರದೇತ್ ಹುಟ್ಟಿದ್ದು 1877ರ ಏಪ್ರಿಲ್ 2ರಂದು. ತಾತ ರಾಜ ಮೋಂಗ್‌ಕುಟ್, ಅಂದರೆ ನಾಲ್ಕನೆಯ ರಾಮ. ‘ರಾಜಕುಮಾರ’ ಅಂದ ತಕ್ಷಣ ಮುಂದಿನ ರಾಜ ಅಂದುಕೊಳ್ಳಬೇಡಿ. ಮೋಂಗ್‌ಕುಟ್‌ಗೆ 82 ಮಕ್ಕಳಿದ್ದರು. ಎಲ್ಲರ ಮಕ್ಕಳು ಮೊಮ್ಮಕ್ಕಳಿಗೂ ಒಂದೇ ಪಟ್ಟ ಕೊಡುತ್ತಾ ಹೋದರೆ ಅರ್ಧ ಬ್ಯಾಂಕಾಕ್ ರಾಜಕುಮಾರರಿಂದಲೇ ತುಂಬುತ್ತಿತ್ತು. ಅದಕ್ಕೆ ಸಯಾಮಿನಲ್ಲಿ ಒಂದು ಜಾಣ ಪದ್ಧತಿ ಇತ್ತು. ತಲೆಮಾರು ಇಳಿದಂತೆ ಪಟ್ಟವೂ ಇಳಿಯುತ್ತದೆ. ರಾಜನ ಮಗ ದೊಡ್ಡ ಪಟ್ಟದವನು. ಮೊಮ್ಮಗನಿಗೆ ಸಾಮಾನ್ಯವಾಗಿ ‘ಮೋಮ್ ಚಾವ್’ ಪಟ್ಟ. ರಾಜವಂಶದವರು ಅನ್ನಿಸಿಕೊಳ್ಳುವುದು ಅಲ್ಲಿಗೆ ಮುಗಿಯಿತು. ಮರಿಮೊಮ್ಮಗನಿಗೆ ಹೆಸರಿನ ಮುಂದೆ ಒಂದು ಗೌರವದ ಅಕ್ಷರ ಇರುತ್ತದೆ, ಆದರೆ ಕಾನೂನಿನ ಲೆಕ್ಕದಲ್ಲಿ ಅವನು ಜನಸಾಮಾನ್ಯ. ಬೊವೊರದೇತ್ ಹುಟ್ಟಿದ್ದು ಮೋಮ್ ಚಾವ್ ಆಗಿ. ನಂತರ ರಾಜನ ಕೃಪೆಯಿಂದ ಒಂದು ಮೆಟ್ಟಿಲು ಮೇಲಕ್ಕೆ ಹೋದ. ಅಂದರೆ ಸಿಂಹಾಸನ ಇವನ ಕನಸಿನಲ್ಲೂ ಬರುವ ವಸ್ತುವಲ್ಲ. ಇವನಂಥವರು ದುಡಿದು, ಓದಿ, ಇಲಾಖೆ ನಡೆಸಿಯೇ ಹೆಸರು ಮಾಡಬೇಕಿತ್ತು.

ಅಪ್ಪನ ವಿಷಯ ಬಿಡುವ ಹಾಗಿಲ್ಲ. ನರೇತ್ 1880ರ ದಶಕದಲ್ಲಿ ಲಂಡನ್ನಿನಲ್ಲಿ ಸಯಾಮಿನ ರಾಯಭಾರ ನೋಡಿಕೊಳ್ಳುತ್ತಿದ್ದ. 1885ರ ಜನವರಿಯಲ್ಲಿ ಯುರೋಪಿನಲ್ಲಿದ್ದ 11 ಜನ ಸಯಾಮಿಗರು ಸೇರಿ ರಾಜ ಚುಲಲೋಂಗ್‌ಕೋರ್ನ್‌ಗೆ ಒಂದು ದೀರ್ಘ ಅರ್ಜಿ ಕಳಿಸಿದರು. ಅದರಲ್ಲಿ ನಾಲ್ವರು ರಾಜಕುಮಾರರು, ಉಳಿದವರು ಅಧಿಕಾರಿಗಳು. ಒಂದು ಕಡೆ ಬ್ರಿಟಿಷರು, ಇನ್ನೊಂದು ಕಡೆ ಫ್ರೆಂಚರು ನಮ್ಮನ್ನು ನುಂಗಲು ಕಾಯುತ್ತಿದ್ದಾರೆ. ಎಲ್ಲವನ್ನೂ ಒಬ್ಬ ರಾಜನೇ ನಿರ್ಧರಿಸುವ ಪದ್ಧತಿ ಇಟ್ಟುಕೊಂಡರೆ ಉಳಿಯುವುದಿಲ್ಲ. ಸಂವಿಧಾನದ ದಾರಿ ಹಿಡಿಯಬೇಕು. ಅರ್ಜಿಯ ಸಾರ ಇಷ್ಟು. ಸಹಿ ಹಾಕಿದವರಲ್ಲಿ ನರೇತ್ ಒಬ್ಬ. ರಾಜನೂ ಅವನೂ ಒಂದೇ ತಂದೆಯ ಮಕ್ಕಳು. ತಮ್ಮ ಅಣ್ಣನಿಗೆ ‘ನಿನ್ನ ಅಧಿಕಾರ ಹಂಚು’ ಎಂದು ಬರೆದ ಹಾಗೆ. ರಾಜ ಸಿಟ್ಟಿಗೆದ್ದು ಯಾರ ತಲೆಯನ್ನೂ ತೆಗೆಸಲಿಲ್ಲ. ಮೊದಲು ಆಡಳಿತ ಸರಿಯಾಗಲಿ, ಆಮೇಲೆ ನೋಡೋಣ ಅಂದ. ಆ ‘ಆಮೇಲೆ’ ಬರಲು 47 ವರ್ಷ ಹಿಡಿಯಿತು. ಅರ್ಜಿ ಹೋದಾಗ ಬೊವೊರದೇತ್‌ಗೆ ಏಳು ವರ್ಷ.

ಹುಡುಗನ ಓದು ಇಂಗ್ಲೆಂಡಿನಲ್ಲಿ. ಹ್ಯಾರೋ ಶಾಲೆ, ಅಲ್ಲಿಂದ ವೂಲಿಚ್‌ನ ಸೇನಾ ಅಕಾಡೆಮಿ. ವೂಲಿಚ್ ಅಂದರೆ ಫಿರಂಗಿ ದಳ ಮತ್ತು ಎಂಜಿನಿಯರ್‌ಗಳ ಶಾಲೆ. ಕತ್ತಿ ಝಳಪಿಸುವುದಕ್ಕಿಂತ ಗಣಿತ ಜಾಸ್ತಿ. ಊರಿಗೆ ಬಂದ ಮೇಲೆ ಸೇನೆಯ ಕೆಲಸ, ಪ್ಯಾರಿಸ್‌ನಲ್ಲಿ ರಾಯಭಾರ, ಉತ್ತರದ ಚಿಯಾಂಗ್ ಮಾಯ್ ಸೀಮೆಯಲ್ಲಿ ರಾಜಪ್ರತಿನಿಧಿಯ ಹುದ್ದೆ, ಹೀಗೆ ಒಂದೊಂದಾಗಿ ದಾಟಿಕೊಂಡು ಬಂದ. 1928ರಲ್ಲಿ ರಾಜ ಪ್ರಜಾಧಿಪೋಕ್ ಇವನನ್ನು ಯುದ್ಧ ಮಂತ್ರಿ ಮಾಡಿದ. ಈ ರಾಜನೂ ವೂಲಿಚ್‌ನಲ್ಲೇ ಓದಿದವನು, ಅವನೂ ಫಿರಂಗಿ ದಳದವನು. ಹೀಗಾಗಿ ಇಬ್ಬರಿಗೂ ಮಾತಾಡಲು ವಿಷಯ ಬೇಕಾದಷ್ಟಿತ್ತು.

ಈಗ ಜಗಳಕ್ಕೆ ಬರೋಣ. 1929ರ ನಂತರದ ಜಾಗತಿಕ ಆರ್ಥಿಕ ಕುಸಿತ ಸಯಾಮನ್ನೂ ಬಿಡಲಿಲ್ಲ. ಆ ದೇಶದ ಆದಾಯ ನಿಂತಿದ್ದೇ ಅಕ್ಕಿಯ ರಫ್ತಿನ ಮೇಲೆ. ಅಕ್ಕಿ ಬೆಲೆ ಬಿತ್ತು, ಖಜಾನೆ ಬರಿದಾಯಿತು. ಎಲ್ಲ ಇಲಾಖೆಗೂ ಕತ್ತರಿ ಬಿತ್ತು. ಬೊವೊರದೇತ್ ಮಾತ್ರ ತನ್ನ ಅಧಿಕಾರಿಗಳಿಗೆ ಸಂಬಳ ಹೆಚ್ಚಿಸಲೇಬೇಕು ಎಂದು ಪಟ್ಟು ಹಿಡಿದ. ಮಂತ್ರಿಗಳ ಸಭೆ ದುಡ್ಡಿಲ್ಲ ಅಂದಿತು. 1931ರಲ್ಲಿ ಆತ ರಾಜೀನಾಮೆ ಬಿಸಾಕಿ ಹೊರಗೆ ಬಂದ.

ಇದನ್ನು ಬರೀ ಸಂಬಳದ ಜಗಳ ಅಂದುಕೊಂಡರೆ ತಪ್ಪಾಗುತ್ತದೆ. ಆ ಕಾಲದ ಸಯಾಮಿನಲ್ಲಿ ಮೇಲಿನ ಕುರ್ಚಿಗಳೆಲ್ಲ ರಾಜಮನೆತನದವರದು. ರಾಜನಿಗೆ ಸಲಹೆ ಕೊಡುವ ಐದು ಜನರ ಉನ್ನತ ಸಮಿತಿಯಲ್ಲಿ ಐದಕ್ಕೆ ಐದೂ ರಾಜಕುಮಾರರೇ. ಕೆಳಗೆ ಯುರೋಪಿನಲ್ಲಿ ಓದಿ ಬಂದ ಸಾಮಾನ್ಯ ಮನೆಯ ಅಧಿಕಾರಿಗಳು. ಕೆಲಸ ಇವರದು, ಬಡ್ತಿ ಅವರದು. ಈ ಹೊಟ್ಟೆಯುರಿ ಬೊವೊರದೇತ್‌ಗೆ ಗೊತ್ತಿತ್ತು, ಆತ ದಿನಾ ಅವರ ನಡುವೆಯೇ ಇದ್ದವನು. ರಾಜೀನಾಮೆ ಕೊಟ್ಟ ಮೇಲೆ ಸೇನೆಯ ಕೆಲವರ ಕಣ್ಣಿಗೆ ಈತ ‘ನಮ್ಮ ಪರ ನಿಂತ ರಾಜಕುಮಾರ’. ಮುಂದೆ ಕ್ರಾಂತಿ ಮಾಡಿದವರೇ ಮೊದಲ ಪ್ರಧಾನಿಯಾಗಿ ಇವನ ಹೆಸರನ್ನು ಯೋಚಿಸಿದ್ದರು ಎಂದು ಹೇಳುವವರೂ ಇದ್ದಾರೆ.

ರಾಜ ಪ್ರಜಾಧಿಪೋಕ್‌ನದೂ ಇಂಥದೇ ಗೊಂದಲ. ಸಂವಿಧಾನ ಕೊಡಬೇಕೇ ಬೇಡವೇ ಎಂದು ಆತ ವರ್ಷಗಟ್ಟಲೆ ಯೋಚಿಸುತ್ತಿದ್ದ. ಅಮೆರಿಕದ ಸಲಹೆಗಾರನಿಂದ ಕರಡನ್ನೂ ಬರೆಸಿದ್ದ. 1932ರ ಏಪ್ರಿಲ್‌ನಲ್ಲಿ ಚಕ್ರಿ ವಂಶಕ್ಕೆ 150 ವರ್ಷ ತುಂಬಿತು. ಆ ಸಮಯಕ್ಕೆ ಘೋಷಿಸುವ ಆಸೆ ಅವನಿಗಿತ್ತು, ಸುತ್ತಲಿನ ಹಿರಿಯರು ಬೇಡ ಅಂದರು. ಎರಡೂವರೆ ತಿಂಗಳಲ್ಲಿ ಬೇರೆಯವರು ಬಂದು ಆ ಕೆಲಸ ಮಾಡಿಬಿಟ್ಟರು.

1932ರ ಜೂನ್ 24ರ ಬೆಳಗಿನ ಜಾವ. ‘ಖನ ರಾತ್ಸದೋನ್’, ಅಂದರೆ ಜನರ ಪಕ್ಷ, ಬ್ಯಾಂಕಾಕನ್ನು ಹಿಡಿಯಿತು. ರಕ್ತ ಹರಿಯಲಿಲ್ಲ ಎನ್ನಬಹುದು. ಅದರ ಮುಂದಾಳು ಕರ್ನಲ್ ಫ್ರಯಾ ಫಹೋನ್, ಜರ್ಮನಿಯಲ್ಲಿ ಓದಿದ ಸೈನಿಕ (‘ಫ್ರಯಾ’ ಅನ್ನುವುದು ರಾಜ ಕೊಡುತ್ತಿದ್ದ ಬಿರುದು). ತಲೆ ಓಡಿಸುವವನು ಪ್ರೀದಿ ಎಂಬ ಪ್ಯಾರಿಸ್‌ನಲ್ಲಿ ಕಲಿತ ವಕೀಲ. ಕಿರಿಯ ಅಧಿಕಾರಿಗಳಲ್ಲಿ ಒಬ್ಬ ಫಿಬೂನ್. ರಾಜ ಆಗ ಸಮುದ್ರದ ದಂಡೆಯ ಹುವಾ ಹಿನ್‌ನಲ್ಲಿ ಗಾಲ್ಫ್ ಆಡುತ್ತಿದ್ದ. ಅಲ್ಲಿನ ಅರಮನೆಯ ಹೆಸರಿನ ಅರ್ಥ ‘ಚಿಂತೆಯಿಂದ ದೂರ’. ಆವತ್ತಿನಿಂದ ಆ ಹೆಸರು ಅಣಕದ ಹಾಗೆ ಕೇಳಿಸಿರಬೇಕು. ರಾಜ ಒಪ್ಪಿಕೊಂಡ. ಡಿಸೆಂಬರ್ 10ಕ್ಕೆ ಸಂವಿಧಾನ ಬಂತು. ಅದರಲ್ಲಿ ಒಂದು ವಿಧಿ ಈ ಕತೆಗೆ ಮುಖ್ಯ. ಮೋಮ್ ಚಾವ್ ಮತ್ತು ಅದಕ್ಕೆ ಮೇಲ್ಪಟ್ಟ ರಾಜವಂಶದವರು ರಾಜಕೀಯಕ್ಕಿಂತ ‘ಮೇಲೆ’ ಇರಬೇಕು. ಮಾತು ಗೌರವದ್ದು. ಅರ್ಥ ಮಾತ್ರ ಬೇರೆ: ನೀವು ಮಂತ್ರಿ ಆಗುವ ಹಾಗಿಲ್ಲ. ಬೊವೊರದೇತ್‌ನ ರಾಜಕೀಯ ಬದುಕು ಒಂದು ವಾಕ್ಯದಲ್ಲಿ ಮುಗಿಯಿತು.

ಮುಂದಿನ ಹದಿನೈದು ತಿಂಗಳನ್ನು ಬೇಗ ಹೇಳಿಬಿಡುತ್ತೇನೆ. ಇದು ಗಜಿಬಿಜಿ, ಆದರೆ ಬಿಟ್ಟರೆ ದಂಗೆ ಅರ್ಥವಾಗುವುದಿಲ್ಲ. ಮೊದಲ ಪ್ರಧಾನಿ ಫ್ರಯಾ ಮನೋಪಕೋರ್ನ್ ಹಳೆಯ ಕಾಲದ ನ್ಯಾಯಾಧೀಶ. ಪ್ರೀದಿ 1933ರಲ್ಲಿ ಒಂದು ಆರ್ಥಿಕ ಯೋಜನೆ ಮುಂದಿಟ್ಟ. ಜಮೀನನ್ನೆಲ್ಲ ಸರ್ಕಾರ ಕೊಳ್ಳಬೇಕು, ಬಹುಪಾಲು ಜನ ಸರ್ಕಾರದ ನೌಕರರಾಗಬೇಕು ಎಂಬಂಥ ಯೋಜನೆ. ಇದು ಕಮ್ಯುನಿಸಂ ಎಂಬ ಗದ್ದಲ ಎದ್ದಿತು. ರಾಜನೂ ವಿರೋಧಿಸಿದ. ಮನೋಪಕೋರ್ನ್ ಏಪ್ರಿಲ್‌ನಲ್ಲಿ ಶಾಸನಸಭೆಯನ್ನೇ ಮುಚ್ಚಿಸಿದ, ಪ್ರೀದಿಯನ್ನು ಫ್ರಾನ್ಸಿಗೆ ಕಳಿಸಿದ. ಜೂನ್ 20ರಂದು ಫಹೋನ್ ಮತ್ತು ಫಿಬೂನ್ ಸೇರಿ ಮನೋಪಕೋರ್ನ್‌ನನ್ನು ಇಳಿಸಿದರು. ಇದು ಗೆದ್ದ ದಂಗೆ, ಹಾಗಾಗಿ ಪ್ರಹಾರ. ಫಹೋನ್ ಪ್ರಧಾನಿಯಾದ. ಸೆಪ್ಟೆಂಬರ್ ಕೊನೆಗೆ ಪ್ರೀದಿ ವಾಪಸ್ ಬಂದ. ಅಷ್ಟು ಸಾಕಾಯಿತು. ದೇಶ ಕಮ್ಯುನಿಸ್ಟರ ಕೈಗೆ ಹೋಗುತ್ತಿದೆ, ರಾಜನಿಗೆ ಅವಮಾನವಾಗುತ್ತಿದೆ ಎಂದು ಕುದಿಯುತ್ತಿದ್ದವರೆಲ್ಲ ಒಂದಾದರು.

ಅವರಿಗೆ ಬೇಕಿದ್ದದ್ದು ಒಂದು ದೊಡ್ಡ ಹೆಸರು. ಬೊವೊರದೇತ್ ಸಿಕ್ಕ. ಸೈನ್ಯದ ಕೆಲಸಕ್ಕೆ ಕರ್ನಲ್ ಫ್ರಯಾ ಶ್ರೀ ಸಿತ್ಥಿ ಸೊಂಗ್‌ಖ್ರಾಮ್ ಇದ್ದ. ಈತನೂ ಜರ್ಮನಿಯಲ್ಲಿ ಕಲಿತವನು, ಫಹೋನ್‌ನ ಆಪ್ತ ಗೆಳೆಯ. 1932ರ ಕ್ರಾಂತಿಗೆ ಕೈಜೋಡಿಸಲು ಒಪ್ಪಿರಲಿಲ್ಲ. ಈಗ ಗೆಳೆಯನ ಸರ್ಕಾರದ ಮೇಲೆ ಬಂದೂಕು ಎತ್ತಿದ.

ಕೂಟಕ್ಕೆ ‘ನಾಡು ಉಳಿಸುವ ಗುಂಪು’ ಎಂಬ ಅರ್ಥದ ಹೆಸರಿಟ್ಟರು. ಉಪಾಯಕ್ಕೆ ‘ಜಿಂಕೆ ಸುತ್ತುವರಿಯುವುದು’ ಎಂಬ ಹೆಸರು. ಜಿಂಕೆ ಅಂದರೆ ಬ್ಯಾಂಕಾಕ್. ಈಶಾನ್ಯದ ಖೊರಾತ್‌ನಿಂದ ಒಂದು ದಂಡು, ಉತ್ತರದಿಂದ ಒಂದು, ಪಶ್ಚಿಮದ ಫೆಟ್ಚಬುರಿಯಿಂದ ಒಂದು. ಎಲ್ಲ ಕಡೆಯಿಂದ ಬಂದು ನಿಂತರೆ ಜಿಂಕೆ ಹೆದರಿ ಶರಣಾಗುತ್ತದೆ, ಗುಂಡು ಹಾರಿಸುವ ಅಗತ್ಯವೇ ಬರುವುದಿಲ್ಲ ಎಂಬುದು ಲೆಕ್ಕ. ಮುಖ್ಯ ನೆಲೆ ಖೊರಾತ್. ಅದರ ಪೂರ್ತಿ ಹೆಸರು ನಖೋನ್ ರಾಚ್ಚಸೀಮಾ, ನಗರ ರಾಜಸೀಮಾ. ರಾಜ್ಯದ ಗಡಿಯ ಊರು ಗಡಿಯಿಂದ ರಾಜಧಾನಿಯ ಕಡೆಗೆ ತಿರುಗಿತು.

ಅಕ್ಟೋಬರ್ 11ರಂದು ರೈಲುಗಳಲ್ಲಿ ಸೈನಿಕರು ಹೊರಟರು. ಬ್ಯಾಂಕಾಕಿನ ಉತ್ತರಕ್ಕಿರುವ ಡಾನ್ ಮುವಾಂಗ್ ವಿಮಾನ ನಿಲ್ದಾಣ ಅವರ ಕೈ ಸೇರಿತು. ನೀವು ಬ್ಯಾಂಕಾಕಿಗೆ ಕಡಿಮೆ ದರದ ವಿಮಾನದಲ್ಲಿ ಹೋಗಿದ್ದರೆ ಇಳಿದಿರಬಹುದು, ಅದೇ ಜಾಗ. ಅಲ್ಲಿಂದ ಸರ್ಕಾರಕ್ಕೆ ಬೇಡಿಕೆ ಹೋಯಿತು. ಮೊದಲು ರಾಜೀನಾಮೆ ಕೊಡಿ ಎಂಬ ಗದರಿಕೆ, ನಂತರ ಆರು ಅಂಶಗಳು.

ಈ ಆರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೇಶ ಎಂದೆಂದಿಗೂ ಸಂವಿಧಾನದ ಕೆಳಗಿನ ರಾಜನನ್ನು ಹೊಂದಿರಬೇಕು. ಎಲ್ಲವೂ ಸಂವಿಧಾನದ ಪ್ರಕಾರ ನಡೆಯಬೇಕು, ಮುಖ್ಯವಾಗಿ ಸರ್ಕಾರ ಬದಲಾಗುವ ವಿಷಯದಲ್ಲಿ. ಸೈನಿಕರೂ ನೌಕರರೂ ರಾಜಕೀಯದಿಂದ ದೂರ ಇರಬೇಕು. ನೇಮಕಾತಿಗೆ ಯೋಗ್ಯತೆ ನೋಡಬೇಕು, ಪಕ್ಷ ನೋಡಬಾರದು. ಸಭೆಯ ನಾಮಕರಣ ಸದಸ್ಯರನ್ನು ರಾಜನೇ ಆರಿಸಬೇಕು. ಕೊನೆಯದು, ಸೇನೆಯ ಆಯುಧಗಳನ್ನು ಬ್ಯಾಂಕಾಕಿನಲ್ಲೇ ಗುಡ್ಡೆ ಹಾಕದೆ ಪ್ರಾಂತ್ಯಗಳಿಗೂ ಹಂಚಬೇಕು.

ಮೊದಲ ನಾಲ್ಕನ್ನು ಓದಿದರೆ ಯಾವ ಪ್ರಜಾಪ್ರಭುತ್ವವಾದಿಯೂ ತಲೆಯಾಡಿಸಬಹುದು. ಐದನೆಯದರಲ್ಲಿ ಬೆಕ್ಕು ಚೀಲದಿಂದ ಮೂತಿ ಹೊರಹಾಕುತ್ತದೆ. ಆಗಿನ ಸಭೆಯಲ್ಲಿ ಅರ್ಧ ಜನ ನಾಮಕರಣಗೊಂಡವರು. ಅವರನ್ನು ರಾಜ ಆರಿಸಿದರೆ ಅರ್ಧ ಸಭೆ ಅರಮನೆಯದಾಗುತ್ತದೆ. ಹಳೆಯ ಒಡೆತನ ವಾಪಸ್ ಬೇಕು ಎಂದು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ನನಗೆ ಕುತೂಹಲ ಹುಟ್ಟಿಸುವುದು ಆರನೆಯದು. ಅದು ರಾಜಕುಮಾರನ ಮಾತೂ ಅಲ್ಲ, ರಾಜಕಾರಣಿಯ ಮಾತೂ ಅಲ್ಲ. ವೂಲಿಚ್‌ನಲ್ಲಿ ಕಲಿತ ಫಿರಂಗಿಯವನ ಮಾತು. ಎಲ್ಲ ದೊಡ್ಡ ಆಯುಧಗಳೂ ರಾಜಧಾನಿಯಲ್ಲಿದ್ದರೆ ರಾಜಧಾನಿ ಹಿಡಿದವನೇ ದೇಶ ಹಿಡಿದ ಹಾಗೆ. 1932ರಲ್ಲಿ ಆದದ್ದೂ ಅದೇ. ಥಾಯ್ಲೆಂಡಿನ ಮುಂದಿನ ದಂಗೆಗಳೂ ಬ್ಯಾಂಕಾಕಿನ ಬೀದಿಗಳಲ್ಲೇ ತೀರ್ಮಾನವಾದವು. ಈ ಕಾಯಿಲೆಯನ್ನು ಬೊವೊರದೇತ್ ಸರಿಯಾಗಿಯೇ ಗುರುತಿಸಿದ್ದ. ಆದರೆ ಗುರುತಿಸಿದ್ದು ಅದರಿಂದಲೇ ಸಾಯುವ ಹೊತ್ತಿನಲ್ಲಿ.

ಯಾಕೆಂದರೆ ಜಿಂಕೆ ಹೆದರಲಿಲ್ಲ. ಅದರ ಬಳಿ ಶಸ್ತ್ರಸಜ್ಜಿತ ಕಾರುಗಳಿದ್ದವು, ಹೊಸ ವಿಕರ್ಸ್ ಫಿರಂಗಿಗಳಿದ್ದವು, ರೇಡಿಯೋ ಇತ್ತು. ಸರ್ಕಾರದ ಪಡೆಗಳ ನಾಯಕತ್ವ ಸಿಕ್ಕಿದ್ದು ಫಿಬೂನ್‌ಗೆ. ಅವನೂ ಫಿರಂಗಿ ದಳದವನು, ಫ್ರಾನ್ಸಿನಲ್ಲಿ ಕಲಿತವನು. ನೌಕಾಪಡೆ ಮಾತ್ರ ನಾವು ಯಾರ ಕಡೆಗೂ ಇಲ್ಲ ಎಂದು ಹಡಗು ತಿರುಗಿಸಿಕೊಂಡು ಹೊರಟುಹೋಯಿತು. ಬಲೆಯ ಉಳಿದ ಹಗ್ಗಗಳೂ ಸಡಿಲವಾದವು. ಪಶ್ಚಿಮದ ದಂಡನ್ನು ದಾರಿಯಲ್ಲೇ ತಡೆದರು. ಸೇರುತ್ತೇವೆ ಅಂದಿದ್ದ ಕೆಲವರು ಗಾಳಿ ಯಾವ ಕಡೆ ಬೀಸುತ್ತದೆ ಎಂದು ನೋಡುತ್ತಾ ಕುಳಿತರು. ಖೊರಾತ್‌ನವರು ಹೆಚ್ಚುಕಡಿಮೆ ಒಂಟಿಯಾದರು.

ಅಕ್ಟೋಬರ್ ಅಂದರೆ ಅಲ್ಲಿ ಮಳೆಗಾಲದ ಬಾಲ. ಬ್ಯಾಂಕಾಕಿನ ಉತ್ತರದ ಅಂಚಿನ ಬಾಂಗ್ ಖೇನ್ ಮತ್ತು ಲಕ್ ಸೀ ಸುತ್ತ ಆಗ ಬರೀ ಗದ್ದೆ, ಗದ್ದೆ ತುಂಬ ನೀರು. ಸೈನ್ಯ ಹರಡಿ ನಿಲ್ಲಲು ಜಾಗವಿಲ್ಲ. ಒಣಗಿದ್ದು ಒಂದೇ, ರೈಲು ಹಳಿಯ ಏರಿ. ಹಾಗಾಗಿ ಒಂದು ದೇಶದ ಒಳಜಗಳ ಕಿರಿದಾದ ಹಳಿಯ ಮೇಲೆ ನಡೆಯಿತು. ಎರಡೂ ಕಡೆಯವರು ರೈಲಿನಲ್ಲೇ ಬಂದರು, ರೈಲಿನ ಮೇಲೆಯೇ ಫಿರಂಗಿ ಕಟ್ಟಿದರು. ದಂಗೆಕೋರರು ಒಂದು ರೈಲು ಎಂಜಿನ್ನಿಗೆ ಪೂರ್ತಿ ಹಬೆ ಕೊಟ್ಟು, ಚಾಲಕನಿಲ್ಲದೆ ಎದುರಿನ ರೈಲಿನ ಮೇಲೆ ಬಿಟ್ಟರು. ಅದು ಹೋಗಿ ಸರ್ಕಾರದ ಫಿರಂಗಿ ರೈಲಿಗೆ ಅಪ್ಪಳಿಸಿತು. ಸ್ವಲ್ಪ ಹೊತ್ತು ಸರ್ಕಾರದ ಕಡೆ ಗೊಂದಲವಾಯಿತು. ಅಷ್ಟೇ. ಎಂಜಿನ್ ಒಂದು ದಿನ ಕೊಡಿಸಬಹುದು, ರಾಜಧಾನಿ ಕೊಡಿಸುವುದಿಲ್ಲ.

14ರ ನಂತರ ದಂಗೆಕೋರರು ಬಂದ ಹಳಿಯಲ್ಲೇ ಹಿಂದಕ್ಕೆ ಸರಿಯತೊಡಗಿದರು. 23ರಂದು ಹಿನ್ ಲಪ್ ರೈಲು ನಿಲ್ದಾಣದ ಬಳಿ, ಹಿಂದೆ ಸರಿಯುವವರಿಗೆ ಕಾವಲು ನಿಂತಿದ್ದ ಶ್ರೀ ಸಿತ್ಥಿ ಸೊಂಗ್‌ಖ್ರಾಮ್ ಗುಂಡೇಟಿಗೆ ಬಲಿಯಾದ. 25ರಂದು ಬೊವೊರದೇತ್ ಹೆಂಡತಿಯ ಜೊತೆ ವಿಮಾನ ಹತ್ತಿ ಫ್ರೆಂಚ್ ಇಂಡೋಚೀನಾಕ್ಕೆ ಹಾರಿಹೋದ. ಎರಡು ವಾರದಲ್ಲಿ ಎಲ್ಲ ಮುಗಿಯಿತು. ಅವನ ಜೊತೆ ಬಂದ ಸಾಮಾನ್ಯ ಸೈನಿಕರಿಗೆ ವಿಮಾನ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಹಾಗಾದರೆ ರಾಜ ಎಲ್ಲಿದ್ದ? ಮತ್ತೆ ಹುವಾ ಹಿನ್‌ನಲ್ಲೇ. ತನ್ನ ಹೆಸರಿನಲ್ಲಿ ನಡೆಯುತ್ತಿದ್ದ ಯುದ್ಧದಲ್ಲಿ ತಾನು ಯಾರ ಪಕ್ಷವೂ ಅಲ್ಲ ಅಂದ. 17ರಂದು ರಾಣಿಯ ಜೊತೆ ಸಣ್ಣ ಮೋಟರ್ ದೋಣಿಯಲ್ಲಿ ದಕ್ಷಿಣದ ಸೊಂಗ್‌ಖ್ಲಾಕ್ಕೆ ಹೊರಟ. ದಂಗೆಕೋರರಿಗೆ ಒಳಗಿಂದ ಸಹಾಯ ಮಾಡಿದ್ದನೇ ಇಲ್ಲವೇ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಸರ್ಕಾರಕ್ಕೆ ಅನುಮಾನ ಬಂದದ್ದಂತೂ ನಿಜ. 1934ರ ಜನವರಿಯಲ್ಲಿ ಕಣ್ಣಿನ ಚಿಕಿತ್ಸೆಗೆಂದು ಯುರೋಪಿಗೆ ಹೋದ ರಾಜ ಮತ್ತೆ ಬರಲಿಲ್ಲ. 1935ರ ಮಾರ್ಚ್ 2ರಂದು ಇಂಗ್ಲೆಂಡಿನಿಂದಲೇ ಸಿಂಹಾಸನ ಬಿಟ್ಟ. ರಾಜನನ್ನು ಉಳಿಸಲು ಎದ್ದ ದಂಗೆ ರಾಜನ ಕೈಯಲ್ಲಿದ್ದ ಅಷ್ಟಿಷ್ಟು ಬಲವನ್ನೂ ಕಳೆಯಿತು. ಲಾಭವಾದದ್ದು ಫಿಬೂನ್‌ಗೆ. ಮರುವರ್ಷ ರಕ್ಷಣಾ ಮಂತ್ರಿ, 1938ರಲ್ಲಿ ಪ್ರಧಾನಿ. ಸಯಾಮನ್ನು ಥಾಯ್ಲೆಂಡ್ ಮಾಡಿದವನು ಅವನೇ.

ಹಿಂದೆ ಉಳಿದವರ ಗತಿ? ವಿಶೇಷ ನ್ಯಾಯಾಲಯ, ಸಾಲುಸಾಲು ಶಿಕ್ಷೆ, ಬಾಂಗ್ ಖ್ವಾಂಗ್ ಜೈಲು. 1939ರಲ್ಲಿ ಹಲವರನ್ನು ಅಂಡಮಾನ್ ಸಮುದ್ರದ ತರುತಾವ್ ದ್ವೀಪಕ್ಕೆ ಸಾಗಿಸಿದರು. ಆ ಕೈದಿಗಳಲ್ಲಿ ಇಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಒಬ್ಬ ಸೋ ಸೇತ್ಥಪುತ್ರ. ಜೈಲಿನಲ್ಲಿ ಕುಳಿತು ಇಂಗ್ಲಿಷ್–ಥಾಯ್ ನಿಘಂಟು ಬರೆದ. ಮುಂದೆ ಥಾಯ್ ವಿದ್ಯಾರ್ಥಿಗಳ ತಲೆಮಾರುಗಳು ಅದನ್ನೇ ತಿರುವಿಹಾಕಿ ಇಂಗ್ಲಿಷ್ ಕಲಿತವು. ಇನ್ನೊಬ್ಬ ಬೊವೊರದೇತ್‌ನ ಸೋದರ, ರಾಜಕುಮಾರ ಸಿತ್ಥಿಪೋರ್ನ್. ದೊಡ್ಡ ಸರ್ಕಾರಿ ಹುದ್ದೆ ಬಿಟ್ಟು ಬಾಂಗ್ ಬೋತ್ ಎಂಬಲ್ಲಿ ಮರಳು ನೆಲದಲ್ಲಿ ಕಲ್ಲಂಗಡಿ ಬೆಳೆದವನು. ಜೈಲು ಮುಗಿಸಿ ಬಂದು ಮತ್ತೆ ಬೇಸಾಯಕ್ಕೆ ಇಳಿದ. 1967ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಒಂದೇ ಮನೆಯ ಇಬ್ಬರು, ಒಂದೇ ದಂಗೆ. ಸಿತ್ಥಿಪೋರ್ನ್‌ನನ್ನು ಅಲ್ಲಿನವರು ಹೊಸ ಬೇಸಾಯದ ತಂದೆ ಅನ್ನುತ್ತಾರೆ.

ಬೊವೊರದೇತ್ ಕಾಂಬೋಡಿಯಾದಲ್ಲಿ ಬಟ್ಟೆಯ ಕಸುಬಿಗೆ ಇಳಿದ. ನೇಯ್ಗೆ, ಬಣ್ಣ ಹಾಕುವುದು, ಮಾರುವುದು. ಮಂತ್ರಿಯಾಗಿದ್ದವನು ಐವತ್ತು ದಾಟಿದ ಮೇಲೆ ಕೈಗೆ ಬಣ್ಣ ಮೆತ್ತಿಕೊಂಡು ಬದುಕು ಕಟ್ಟಿಕೊಂಡ. ಹದಿನೈದು ವರ್ಷದ ಬಳಿಕ 1948ರಲ್ಲಿ ಊರಿಗೆ ಬಂದ. ಆಗ ಪ್ರಧಾನಿ ಕುರ್ಚಿಯಲ್ಲಿ ಮತ್ತೆ ಕುಳಿತಿದ್ದವನು ಅದೇ ಫಿಬೂನ್. ಗಂಡ ಹೆಂಡತಿ ಇಬ್ಬರೂ ಹುವಾ ಹಿನ್‌ನಲ್ಲಿ ನೆಲೆಸಿ ಕೈಯಿಂದ ಅಚ್ಚು ಹಾಕುವ ಹತ್ತಿ ಬಟ್ಟೆಯ ಕಾರ್ಖಾನೆ ಶುರು ಮಾಡಿದರು. ಹೆಸರು ‘ಖೋಮಪತ್’. ಖೋಮ ಎಂದರೆ ಸಂಸ್ಕೃತದ ಕ್ಷೌಮ, ನಾರಿನ ಬಟ್ಟೆ. ಪತ್ ಎಂದರೆ ವಸ್ತ್ರ. ಹಳೆಯ ದೇಗುಲ, ಅರಮನೆಗಳ ಬಳ್ಳಿ ಚಿತ್ತಾರಗಳನ್ನು ಹತ್ತಿಯ ಮೇಲೆ ಒತ್ತಿದ ಆ ಬಟ್ಟೆ ಹೆಸರುವಾಸಿಯಾಯಿತು. ಬೊವೊರದೇತ್ 1953ರಲ್ಲಿ, ತನ್ನ 76ನೇ ವಯಸ್ಸಿನಲ್ಲಿ ತೀರಿಕೊಂಡ.

ಅವನನ್ನು ಸೋಲಿಸಿದವರ ಕತೆಯೂ ಸುಖವಾಗಿ ಮುಗಿಯಲಿಲ್ಲ. ಪ್ರೀದಿ ದೇಶ ಬಿಟ್ಟು 1983ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ. ಫಿಬೂನ್ 1957ರಲ್ಲಿ ಇನ್ನೊಂದು ದಂಗೆಗೆ ಸಿಕ್ಕಿ ಕಾಂಬೋಡಿಯಾಕ್ಕೆ ಓಡಿ, 1964ರಲ್ಲಿ ಜಪಾನಿನಲ್ಲಿ ಸತ್ತ.

ಸರ್ಕಾರದ ಕಡೆಯಲ್ಲಿ ಸತ್ತ 17 ಸೈನಿಕರು, ಪೊಲೀಸರಿಗೆ 1934ರಲ್ಲಿ ಬ್ಯಾಂಕಾಕಿನ ಸನಾಮ್ ಲುವಾಂಗ್ ಮೈದಾನದಲ್ಲಿ ಅಂತ್ಯಕ್ರಿಯೆ ನಡೆಯಿತು. ಅದು ರಾಜಮನೆತನದ ಚಿತೆಗಳಿಗೆ ಮೀಸಲಾಗಿದ್ದ ಜಾಗ. ಅಲ್ಲಿ ಜನಸಾಮಾನ್ಯರು ಉರಿದದ್ದು ಅದೇ ಮೊದಲು. 1936ರಲ್ಲಿ ಕಾಳಗ ನಡೆದ ಲಕ್ ಸೀಯಲ್ಲಿ ಒಂದು ಸ್ಮಾರಕ ಎದ್ದಿತು. ಅದಕ್ಕೆ ಎರಡು ಹೆಸರು. ಒಂದು ಸಂವಿಧಾನ ರಕ್ಷಣೆಯ ಸ್ಮಾರಕ, ಇನ್ನೊಂದು ಕಬೋತ್ ಅಡಗಿಸಿದ ಸ್ಮಾರಕ. ಹತ್ತಿರದಲ್ಲೇ ಕೆಲವು ವರ್ಷದ ಬಳಿಕ ಒಂದು ಬೌದ್ಧ ದೇಗುಲ ಕಟ್ಟಿ, ಭಾರತದಿಂದ ತಂದ ಬೋಧಿ ಸಸಿ ನೆಟ್ಟರು. ಅದಕ್ಕೆ ಮೊದಲು ಇಡಬೇಕೆಂದಿದ್ದ ಹೆಸರು ‘ಪ್ರಜಾಧಿಪತಾಯ್’, ಅಂದರೆ ಪ್ರಜಾಪ್ರಭುತ್ವ ದೇಗುಲ.

ಸುತ್ತ ಗದ್ದೆ ಹೋಗಿ ಹೆದ್ದಾರಿ ಬಂತು, ಮೇಲ್ಸೇತುವೆ ಬಂತು. ಮೇಲೆ ಓಡುವ ರೈಲಿನ ಕಾಮಗಾರಿಗೆಂದು 2016ರಲ್ಲಿ ಸ್ಮಾರಕವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. 2018ರ ಡಿಸೆಂಬರ್ ಕೊನೆಯ ಒಂದು ರಾತ್ರಿ ಅದು ಅಲ್ಲಿರಲಿಲ್ಲ. ಕಲ್ಲಿನ ಅಷ್ಟು ದೊಡ್ಡ ಸ್ಮಾರಕ, ರಾಜಧಾನಿಯ ಗಿಜಿಗುಡುವ ವೃತ್ತ. ಹಿಂದಿನ ವರ್ಷ 1932ರ ಕ್ರಾಂತಿ ನೆನಪಿಗೆ ನೆಲದಲ್ಲಿ ಹುದುಗಿಸಿದ್ದ ಹಿತ್ತಾಳೆಯ ಫಲಕವೂ ಹೀಗೇ ಕಾಣೆಯಾಗಿತ್ತು.

ಹಿನ್ ಲಪ್‌ನಲ್ಲಿ ಸತ್ತ ಶ್ರೀ ಸಿತ್ಥಿ ಸೊಂಗ್‌ಖ್ರಾಮ್‌ಗೆ ಒಬ್ಬ ಮಗಳಿದ್ದಳು. ಅವಳ ಗಂಡ ಸೇನಾಧಿಕಾರಿಯಾಗಿದ್ದು, ಕಮ್ಯುನಿಸ್ಟನಾಗಿ ಕಾಡು ಸೇರಿದ. ಅವರ ಮಗ ಸುರಯುದ್ ಚುಲಾನೊಂತ್ ಸೇನಾ ಮುಖ್ಯಸ್ಥನಾದ. 2006ರಲ್ಲಿ ಸೇನೆ ಸರ್ಕಾರ ಉರುಳಿಸಿ ಅವನನ್ನೇ ಪ್ರಧಾನಿ ಮಾಡಿತು. ಅದು ಗೆದ್ದ ದಂಗೆ, ರತ್ಥಪ್ರಹಾನ್.

2019ರ ಅಕ್ಟೋಬರ್‌ನಲ್ಲಿ, ಸ್ಮಾರಕ ಮಾಯವಾಗಿ ಹತ್ತು ತಿಂಗಳಿಗೆ, ಥಾಯ್ ಸೇನೆ ತನ್ನ ಕೇಂದ್ರ ಕಚೇರಿಯ ಎರಡು ಕೊಠಡಿಗಳಿಗೆ ಹೆಸರಿಟ್ಟಿತು. ಒಂದು ಶ್ರೀ ಸಿತ್ಥಿ ಸೊಂಗ್‌ಖ್ರಾಮ್ ಕೊಠಡಿ. ಇನ್ನೊಂದು ಬೊವೊರದೇತ್ ಕೊಠಡಿ. ಹಿಂದೆ ಅಂಟಿಕೊಂಡಿದ್ದ ಕಬೋತ್ ಅಲ್ಲಿಲ್ಲ.